ಶಂಕ್ರಪ್ಪನವರು ತಂದಿಟ್ಟ ಮಂಚ

ಮಾನ್ಯ ಹಿರಿಯರೇ, ನಮ್ಮ ಲಾರಿ ಕಚೇರಿಯ ಮಾಲಕರಾದ ನಾಗಪತಿ ಹೆಗಡೆಯವರೇ, ಇಂಥ ದುಃಖದಲ್ಲೂ ಬಂದು ಕೂತಿರುವ ಶಂಕ್ರಪ್ಪನವರ ಧರ್ಮಪತ್ನಿ ಮುರಿಗೆವ್ವನವರೇ, ಯಲ್ಲಾಪುರದ ವ್ಯಾಪಾರಿಗಳೇ, ಡ್ರೈವರ್, ಕ್ಲೀನರ್ ಬಂಧುಗಳೇ — ಎಲ್ಲರಿಗೂ ನಮಸ್ಕಾರ.

ನಾನು ವೆಂಕಟ್ರಮಣ ಭಟ್ಟ. ಈ ಕಚೇರಿಯಲ್ಲಿ ಶಂಕ್ರಪ್ಪನವರ ಎದುರು ಮೇಜಿನವನು. ನಮ್ಮ ಜಿಲ್ಲೆ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅವರು ಬನವಾಸಿ ಕಡೆಯಿಂದ ಬುಕಿಂಗ್ ಕ್ಲಾರ್ಕ್ ಆಗಿ ಬಂದರು. ಹೋದ ವಾರ ಜ್ವರ ಬಂದು ತೀರಿಕೊಂಡರು. ಇಷ್ಟು ವರ್ಷ ಎದುರುಬದುರು ಕೂತವನು ಅಂತ ನನ್ನನ್ನು ಮಾತಾಡಲು ನಿಲ್ಲಿಸಿದ್ದಾರೆ.

ತೀರಿಕೊಂಡವರ ಬಗ್ಗೆ ಬರೀ ಒಳ್ಳೆಯದನ್ನೇ ಹೇಳುವ ಪದ್ಧತಿ ಇದೆ. ಹಾಗೆ ಹೇಳಿದರೆ ಅವರನ್ನು ಬಲ್ಲ ನೀವು ಯಾರೂ ನಂಬುವುದಿಲ್ಲ. ಶಂಕ್ರಪ್ಪನವರ ಜೊತೆ ಕೆಲಸ ಮಾಡುವುದು ಸುಲಭ ಇರಲಿಲ್ಲ. ಕಾರಣ — ಪುಸ್ತಕ!

ಕಥೆ ಪುಸ್ತಕ ಅಲ್ಲ. ಮನುಷ್ಯ ಹೇಗೆ ಬದುಕಬೇಕು, ಸಿಟ್ಟು ಹೇಗೆ ಇಳಿಸಬೇಕು, ಆರೋಗ್ಯ ಹೇಗೆ ಕಾಯಬೇಕು, ನಾಲ್ಕು ಜನರ ಜೊತೆ ಹೇಗೆ ಇರಬೇಕು — ಇಂಥವು. ಧಾರವಾಡದಿಂದ ಟಪಾಲಿನಲ್ಲಿ ತರಿಸುತ್ತಿದ್ದರು. ಓದಿ ಸುಮ್ಮನೆ ಕಪಾಟಿನಲ್ಲಿಟ್ಟಿದ್ದರೆ ನಮಗೇನೂ ತೊಂದರೆ ಇರಲಿಲ್ಲ. ಆದರೆ ಅವರು ಪ್ರತಿ ಪುಸ್ತಕದಿಂದ ಒಂದೊಂದು ಮಾತು ಹಿಡಿದುಕೊಂಡು ಅದನ್ನು ಮಾಡಿ ನೋಡುವವರು. “ಮೊದಲ ನನ್ ಮ್ಯಾಲ, ಆಮ್ಯಾಲ ನಿಮ್ ಮ್ಯಾಲ, ಭಟ್ರ” ಅನ್ನುತ್ತಿದ್ದರು.

ತುತ್ತನ್ನು ಅಗಿದು ಅಗಿದು ನುಂಗಬೇಕು ಅಂತ ಒಂದು ಪುಸ್ತಕ. ಹೊರಗೆ ಲೋಡು ಕಟ್ಟಿದ ಲಾರಿ ನಿಂತಿದೆ, ವ್ಯಾಪಾರಿ ಕಿಟಕಿ ಬಡಿಯುತ್ತಿದ್ದಾನೆ, ಇವರು ರೊಟ್ಟಿ ಅಗಿಯುತ್ತಾ ಕೂತಿದ್ದಾರೆ — ಹೀಗೆ ಕೈ ತೋರಿಸಿ, ತಡೀರಿ ಅಂತ. ಇನ್ನೊಂದು ಪುಸ್ತಕ, ಬಂದವರನ್ನೆಲ್ಲ ನಗುಮುಖದಿಂದ ಎದುರುಗೊಳ್ಳಬೇಕು ಅಂದಿತು. ಅದೇ ದಿನ ಒಬ್ಬರು, ತಮ್ಮ ಲೋಡು ಹಳ್ಳಕ್ಕೆ ಬಿತ್ತು ಅಂತ ಹೇಳಲು ಓಡಿ ಬಂದರು. ಶಂಕ್ರಪ್ಪನವರು ನಕ್ಕರು. ಆ ಮಹಾಶಯರು ಕೊರಳಪಟ್ಟಿಗೇ ಕೈ ಹಾಕಿದರು. ಬಿಡಿಸಿದವನು ನಾನು. ಅಂಗಿ ಸರಿ ಮಾಡಿಕೊಳ್ಳುತ್ತಾ ಶಂಕ್ರಪ್ಪನವರು ಹೇಳಿದ್ದು ಇಷ್ಟೇ: “ಪುಸ್ತಕ ಬರದಾವ್ರು ಯಲ್ಲಾಪುರಕ್ಕ ಬಂದಿಲ್ರಿ, ಭಟ್ರ.”

ನಗಿ, ನಗಿ. ಅವರಿದ್ದರೆ ಅವರೂ ನಗುತ್ತಿದ್ದರು.

ಈಗ ನಗುವ ಮಾತಲ್ಲ.

ಮಂಜ ಇಲ್ಲೇ ಕೂತಿದ್ದಾನೆ. ಅವನ ಅಣ್ಣನೂ ನಮ್ಮಲ್ಲೇ ಡ್ರೈವರ್ ಇದ್ದ, ನಿಮಗೆಲ್ಲ ಗೊತ್ತು. ಒಂದು ದಿನ ಆ ಅಣ್ಣ ದಾಂಡೇಲಿ ಕಡೆಯಿಂದ ಬಂದವನೇ ಮತ್ತೆ ಅಂಕೋಲೆಗೆ ಲೋಡು ಹಿಡಿದ. ಕಣ್ಣು ಕೆಂಪಗಿತ್ತು. ಶಂಕ್ರಪ್ಪನವರು ಕೇಳಿದರು, ದಣಿವಾಗಿದೆಯಾ ಅಂತ. “ನಂಗೆ ಎಂತ ಆಗ್ಲಿಲ್ಲ, ಚೀಟಿ ಕೊಡಿ” ಅಂದ. ಇವರು ಲೋಡಿನ ಚೀಟಿ ಬರೆದು ಕೊಟ್ಟರು. ಘಟ್ಟದ ತಿರುವಿನಲ್ಲಿ ಲಾರಿ ತಿರುಗದೆ ನೇರ ಕಂದಕಕ್ಕೆ ಹೋಯಿತು, ಅವನು ಉಳಿಯಲಿಲ್ಲ. ರಸ್ತೆಯ ಮೇಲೆ ಬ್ರೇಕು ಹಾಕಿದ ಗುರುತೇ ಇರಲಿಲ್ಲ.

ಶಂಕ್ರಪ್ಪನವರು ಎಷ್ಟೋ ದಿನ ಪುಸ್ತಕ ಮುಟ್ಟಲಿಲ್ಲ. ಆಮೇಲೆ ನಿದ್ದೆಯ ಬಗ್ಗೆಯೇ ಒಂದು ಪುಸ್ತಕ ತರಿಸಿದರು. ಅದರಲ್ಲಿ ಒಂದು ಮಾತು ಇತ್ತಂತೆ — ದಣಿದವನಿಗೆ ತಾನು ದಣಿದದ್ದು ಗೊತ್ತಾಗುವುದಿಲ್ಲ, ಅವನನ್ನು ಕೇಳಿ ಪ್ರಯೋಜನವಿಲ್ಲ. ಇದನ್ನು ನನಗೆ ಓದಿ ಹೇಳಿ ಪುಸ್ತಕ ಮಡಚಿದರು. “ನಾ ಕೇಳಿದ್ದ ತಪ್ಪು ನೋಡ್ರಿ. ಕೇಳಬಾರದಿತ್ತು, ಮಲಗಸಬೇಕಿತ್ತು” ಅಂದರು.

ಮರುದಿನ ಬೆಳಿಗ್ಗೆ ತಲೆಯ ಮೇಲೆ ಮಂಚ ಹೊತ್ತುಕೊಂಡು ಬಂದರು. ಹಗ್ಗದ ಮಂಚ — ಅವರು ಹೊರಸು ಅನ್ನುತ್ತಿದ್ದರು. ಹಿಂದೆಯೇ ಮುರಿಗೆವ್ವನವರು, “ಮನ್ಯಾಗ ಇರೋದ ಒಂದ ಹೊರಸು, ನಾವೆಲ್ಲಿ ಮಲಗೂಣು?” ಅನ್ನುತ್ತಾ ಪೇಟೆಯುದ್ದ ನಡೆದು ಬಂದರು. “ಚಾಪಿ ಐತಲ್ಲ” ಅಂತ ಇವರು. ಮಂಚ ಹಿಂದಿನ ಕೋಣೆ ಸೇರಿತು. ಘಟ್ಟ ಇಳಿಯುವ ಡ್ರೈವರ್ ಮೊದಲು ಅಲ್ಲಿ ಒಂದು ನಿದ್ದೆ ತೆಗೆಯಬೇಕು, ಆಮೇಲೆಯೇ ಚೀಟಿ ಅಂತ ಸಾರಿದರು.

ಯಾರು ಮಲಗುತ್ತಾರೆ? ಎಲ್ಲರ ಎದುರು ಮಲಗಿದರೆ ಡ್ರೈವರನ ಮರ್ಯಾದೆ ಏನಾಗಬೇಕು? ಬೈದರು, ಜಗಳ ತೆಗೆದರು. ಆಗ ಒಂದು ಉಪಾಯ ಹೇಳಿದವನು ಮಂಜನೇ. ಘಟ್ಟದ ತಲೆಯಲ್ಲಿ ಗುಡಿ ಇದೆ. ಎಷ್ಟೇ ಅವಸರ ಇರಲಿ, ಕಾಯಿ ಒಡೆಯದೆ ನಮ್ಮ ಯಾವ ಗಾಡಿಯೂ ಇಳಿಯುವುದಿಲ್ಲ. “ದೇವರ ಅಪ್ಪಣೆ ಆಗಿದೆ, ಮಲಗಿಯೇ ಕಾಯಿ ಒಡೀಬೇಕು ಹೇಳಿ ಒಂದು ಮಾತು ಬಿಡಿ, ಎಲ್ಲ ಮಲಗ್ತ್ರು” ಅಂದ. ನನಗೂ ಸರಿ ಅನ್ನಿಸಿತು. ಶಂಕ್ರಪ್ಪನವರು ಒಪ್ಪಲಿಲ್ಲ. “ದೇವರ ಅಂಜಿಕಿಗೆ ಮಲಗಿದ್ರ ಕಣ್ಣು ಮುಚ್ಚತಾವು, ನಿದ್ದಿ ಬರಾಂಗಿಲ್ಲ. ಯಾಕ ಮಲಗಬೇಕು ಅನ್ನೂದು ಅವರಿಗೇ ತಿಳೀಬೇಕು” ಅಂದರು. ಹಾಗಂದು ಪೆನ್ನಿನ ಟೊಪ್ಪಿ ಮುಚ್ಚಿ ಕೈಕಟ್ಟಿ ಕೂತರು. ಅವರು ಚೀಟಿ ಬರೆಯದೆ ಲಾರಿ ಹೋಗುವ ಹಾಗಿಲ್ಲ.

ಮೊದಲು ಮಲಗಿದವನು ಮಂಜ. ಅಣ್ಣನನ್ನು ಕಳೆದುಕೊಂಡವನೇ ಮಲಗಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದು ಮಲಗಿದರು.

ಸುದ್ದಿ ಮಾಲಕರಿಗೆ ಹೋಯಿತು. ಹೆಗಡೆಯವರು ಶಿರಸಿಯಲ್ಲಿ ಮರದ ನಾಟಾ ಹರಾಜು ಮುಗಿಸಿ, ಊಟವನ್ನೂ ಮಾಡದೆ ಜೀಪಿನಲ್ಲಿ ಬಂದರು. “ಇದೆಂತದಾ ಭಟ್ಟಾ, ಲಾರಿ ಆಫೀಸನಾ, ಧರ್ಮಛತ್ರನಾ?” ಅಂತ ಮೊದಲು ನನಗೆ. ಆಮೇಲೆ ಅವರಿಗೆ: “ಶಂಕ್ರಪ್ಪ, ಮಂಚ ತೆಗೀರಿ. ಇಲ್ಲಾಂದ್ರೆ ನೀವು ಹೊರಡಿ.” ಕೆಲಸ ಹೋದರೆ ಈ ವಯಸ್ಸಿನಲ್ಲಿ ಬೇರೆ ಕೆಲಸ ಎಲ್ಲಿ? ಅವರು ಮೆತ್ತಗೆ ಹೇಳಿದರು, “ತಗೀತೀನ್ರಿ ಧಣ್ಯಾರ. ತಗಿಯೂಕಿಂತ ಮೊದಲ ನೀವೊಂದ್ಸಲ ಅಡ್ಡಾಗಿ ನೋಡ್ರಿ.” ಹೆಗಡೆಯವರು, “ನನಗೇನು ದಣಿವು!” ಅಂತಲೇ, ಇದು ಹುಚ್ಚುತನ ಅಂತ ತೋರಿಸಿಕೊಡಲು ಮಲಗಿದರು.

— ಹೆಗಡೆಯವರು ನಗುತ್ತಿದ್ದಾರೆ. ಹೇಳಲಿ ಬಿಡಿ ಅಂತ ಅರ್ಥ.

ನಿದ್ದೆ ಅಂದರೆ ನಿದ್ದೆ! ಗೊರಕೆ ಬೀದಿಗೆ ಕೇಳುತ್ತಿತ್ತು. ಶಂಕ್ರಪ್ಪನವರು ಬಾಗಿಲಲ್ಲಿ ನಿಂತು, ಬಂದ ವ್ಯಾಪಾರಿಗಳಿಗೆಲ್ಲ ಹೀಗೆ — ತುಟಿಯ ಮೇಲೆ ಬೆರಳು. ಹೊರಗೆ ನಿಂತ ಲಾರಿಯ ಎಂಜಿನ್ನನ್ನೂ ಬಂದ್ ಮಾಡಿಸಿದರು. ಹೊತ್ತು ಮುಳುಗುವಾಗ ಹೆಗಡೆಯವರು ಎದ್ದರು. “ಎಂತಕ್ಕೆ ಎಬ್ಸಿದ್ದಿಲ್ಲೆ?” ಅಂತ ನನಗೊಂದು ಬೈದು ಜೀಪು ಹತ್ತಿದರು. ಮಂಚದ ಮಾತು ಮತ್ತೆ ಎತ್ತಲಿಲ್ಲ. ಇರಲಿ ಅಂತಲೂ ಹೇಳಲಿಲ್ಲ.

ಮಂಚ ಬಂದ ಮೇಲೆ ಅಪಘಾತವೇ ಆಗಿಲ್ಲ ಅಂತ ನಾನು ಹೇಳುವುದಿಲ್ಲ. ಬ್ರೇಕು ಹೋದರೆ ಮಂಚ ಏನು ಮಾಡೀತು? ಆದರೆ ನಿದ್ದೆಗಣ್ಣಿನಲ್ಲಿ ನಾವು ಯಾರನ್ನೂ ಕಳಿಸಿಲ್ಲ, ಯಾರನ್ನೂ ಹಾಗೆ ಕಳೆದುಕೊಂಡಿಲ್ಲ. ಅವರು ಓದಿದ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಮಾತು ನಮ್ಮೂರಿಗೆ ಹೊಂದಲಿಲ್ಲ. ಹೊಂದಿದ್ದನ್ನು ಮಾತ್ರ ಅವರು ಕೆಲಸ ಹೋದರೂ ಬಿಡಲು ತಯಾರಿರಲಿಲ್ಲ. ನಾನು ಅವರಿಂದ ಕಲಿತದ್ದು ಇದೊಂದೇ, ಇದು ಸಾಕು ಅನ್ನಿಸುತ್ತದೆ.

ಸೋಮವಾರ ಹೊಸ ಕ್ಲಾರ್ಕ್ ಬರುತ್ತಾರೆ. ಹಿಂದಿನ ಕೋಣೆ ಅವರಿಗೆ ಬೇಕಾಗುತ್ತದೆ, ಮಂಚ ಶಂಕ್ರಪ್ಪನವರ ಮನೆಯವರದು, ಅವರಿಗೇ ಮುಟ್ಟಿಸಬೇಕು ಅಂತ ಮಾತು ನಡೆದಿದೆ. ನ್ಯಾಯವೇ. ಅದಕ್ಕೆ ಇವತ್ತು ಬೆಳಿಗ್ಗೆ ನಾನೇ ಹೋಗಿ ಮುರಿಗೆವ್ವನವರನ್ನು ಕೇಳಿದೆ. ಅವರು ಹೇಳಿದ್ದು: “ಅದು ಅಲ್ಲೇ ಇರ್ಲ್ರಿ. ನನಗ ಚಾಪಿ ರೂಢಿ ಆಗೇತಿ.”

ಹೆಗಡೆಯವರೇ, ಇನ್ನು ನಿಮ್ಮ ಮಾತು. ಆ ಮಂಚ ಅಲ್ಲೇ ಇರಬೇಕು, ಮಲಗಿ ಎದ್ದ ಮೇಲೆಯೇ ಚೀಟಿ ಅನ್ನುವ ಪದ್ಧತಿಯೂ ಇರಬೇಕು...

ತಲೆ ಆಡಿಸಿದ್ದಾರೆ. ಎಲ್ಲರೂ ನೋಡಿದಿರಲ್ಲ? ಸರಿ.

ಇನ್ನು ನಾವೆಲ್ಲ ಎದ್ದು ನಿಂತು ಮೌನವಾಗಿ ಅವರನ್ನು ನೆನೆಯೋಣ. ಆದರೆ ಒಂದು ಮಾತು. ಹೊರಗೆ ಲೋಡು ಕಟ್ಟಿದ ಲಾರಿ ನಿಂತಿದೆ. ಇವತ್ತು ಘಟ್ಟ ಇಳಿಯುವ ಪಾಳಿ ಮಂಜನದು. ಮಂಜಾ, ನೀನು ನಿಲ್ಲಬೇಡ. ಹಿಂದಿನ ಕೋಣೆಗೆ ಹೋಗು, ಮಲಗು. ಉಳಿದವರು ದಯವಿಟ್ಟು ಎದ್ದು ನಿಲ್ಲಿ — ಕುರ್ಚಿ ಸದ್ದು ಮಾಡಬೇಡಿ.

ಅವನಿಗೆ ನಿದ್ದೆ ಹತ್ತುವವರೆಗೆ ಯಾರೂ ಮಾತಾಡಬೇಡಿ.