ಪಾಪಕ್ಕ ಒಂದು ಹೂಂ ಅಂದರೆ ಸಾಕು

...ಅಲ್ಲಾ ಕಣೇ ಪಾಪಕ್ಕಾ, ನಿನ್ನ ಹೊಲ ಬರ್ಕೊಡು ಅಂತ ಕೇಳ್ತಿದೀನಾ ನಾನು? ಒಂದು ಹೂಂ! ಅಷ್ಟೇ. ಬಾಯಿ ತೆರೀಲೂ ಬ್ಯಾಡ, ಮೂಗಲ್ಲೇ ಹೂಂ ಅಂದ್ರೂ ನಡೀತದೆ. ಅಗೋ, ಹೊಂಗೇಮರದ ಕೆಳಗೆ ಸಾಲಾಗಿ ಕುಂತವ್ರಲ್ಲ ನಮ್ಮೂರ ಗಂಡಸ್ರು, ಅವ್ರಿಗೆ ನಿನ್ನ ಹೂಂ ಬೇಕಂತೆ. ಇಲ್ಲೀಗಂಟ ಬಂದು ಕೇಳೋಕೆ ಧೈರ್ಯ ಇಲ್ಲ, ಅದಕ್ಕೇ ನನ್ನ ಅಟ್ಟವ್ರೆ. ಕದಿರಮ್ಮಾ, ನೀನು ಅವಳ ಪಕ್ಕದ ಮನೆಯೋಳು, ಇಬ್ರಿಗೂ ಒಂದೇ ಗೋಡೆ, ನಿನ್ನ ಮಾತು ತೆಗೆದುಹಾಕಲ್ಲ, ಹೋಗು ಅಂತ...

ಏನು ನೋಡ್ತೀಯಾ? ಕುಡಿ, ಗಂಜಿ ಆರೋಯ್ತದೆ. ಇವತ್ತು ನನ್ನ ಸರದಿ ಅಲ್ಲ, ಗೊತ್ತಾ? ಅಶ್ವತ್ಥಮ್ಮನ ಸರದಿ. ಆದ್ರೂ ನಾನೇ ತಂದೆ. ಅವಳ ಸರದಿ ದಿನ ಏನಾಗ್ತದೆ ನಿಂಗೊತ್ತಲ್ಲ. ಮಡಕೆ ತುಂಬ ನೀರು, ತಳದಲ್ಲಿ ರಾಗಿ ಎಲ್ಲೈತೆ ಅಂತ ಬೆರಳಾಕಿ ಹುಡುಕ್ಬೇಕು. ಅದನ್ನೂ ಆ ಬಂಡೆ ಮೇಲಿಟ್ಟು, ದೂರ ಓಡೋಗಿ ನಿಂತು, ಚಪ್ಪಾಳೆ ತಟ್ಟಾದು! ಮಾರಕ್ಕ ಅವಳಿಗಿಂತ ಬುದ್ಧಿವಂತೆ. ಗಂಜಿ ಕಾಯ್ಸೋಳು ಸೊಸೆ, ಹೊತ್ತು ತರೋಳು ಸೊಸೆ, ಸಾಯಂಕಾಲ ಗುಡ್ಲು ಗುಡ್ಲಿಗೂ ಹೋಗಿ, ಪಾಪಕ್ಕಂಗೆ ನಾನೇ ಕುಡಿಸ್ಬಂದೆ ಕಣ್ರೇ, ಪಾಪ, ಅಂತ ಸಾರೋಳು ಅತ್ತೆ.

ಇನ್ನು ಪಟೇಲ್ರು! ಪ್ಲೇಗು ಬಂತು ಅಂತ ಊರು ಬಿಟ್ಟು ಈ ಬಯಲಿಗೆ ಬಂದು ಗುಡ್ಲು ಹಾಕಿದ ದಿನ ಎಂಥಾ ಭಾಷಣ ಮಾಡಿದ್ರು ಮುನಿಶಾಮಪ್ಪನೋರು! ಊರಂದ್ರೆ ಒಂದೇ ಮನೆ, ಕಾಯಿಲೆ ಬಿದ್ದೋರಿಗೆ ಗುಡ್ಲಿಗೊಂದು ದಿನದಂಗೆ ಗಂಜಿ, ಯಾರೂ ಯಾರನ್ನೂ ಕೈ ಬಿಡಬಾರ್ದು... ಹೆಂಗಸರೆಲ್ಲ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ವಿ. ಮಾರನೇ ದಿನ ಎದ್ದು ನೋಡಿದ್ರೆ ಪಟೇಲ್ರ ಗುಡ್ಲೇ ಇಲ್ಲ! ಎತ್ತಿ ಕೆರೆ ಏರಿ ಆಚೆ ಇಟ್ಟವ್ರೆ. ಮಾರಪ್ಪನಿಗೆ ಜ್ವರ ಬಂದಾಗ ಇನ್ನೂ ಆಚೆ. ನಿನ್ನ ಗಂಡ ಪಿಳ್ಳಪ್ಪನಿಗೆ ತೊಡೆ ಸಂದೀಲಿ ಗೆಡ್ಡೆ ಕಟ್ತು ನೋಡು, ಅವತ್ತು ಇನ್ನೂ ಆಚೆ. ಹಿಂಗೇ ಇನ್ನೊಂದು ತಿಂಗ್ಳು ನಡೆದಿದ್ರೆ ನಂದಗುಡಿ ಸಂತೇಲೇ ಇರ್ತಿದ್ರು ನಮ್ಮ ಪಟೇಲ್ರು.

ಆ ವೆಂಕಟರಾಮಪ್ಪನ್ನ ಮರೆತ್ಯಾ? ಹೋರಿ ಕೊಂಬು ಹಿಡಿದು ನಿಲ್ಲಿಸ್ತೀನಿ ಅಂತ ಮೀಸೆ ತಿರುವೋನು! ಹೊಸಕೋಟೆಯಿಂದ ಸೂಜಿ ಹಾಕೋರು ಬಂದ್ರಲ್ಲ, ಪೆಟ್ಟಿಗೆ ತೆಗ್ದು ಸೂಜಿ ಕಾಣಿಸಿದ್ದೇ ತಡ, ಹುಣಸೇಮರದ ಮೇಲೆ! ಇಳಿಯೋ ಮಾರಾಯ ಅಂದ್ರೆ, ನನ್ನ ಲೆಕ್ಕದ್ದೂ ನನ್ನ ತಮ್ಮನಿಗೇ ಹಾಕ್ಬಿಡ್ರಿ ಸ್ವಾಮಿ, ಅವ್ನು ಗಟ್ಟಿ ಆಳು ಅಂತಾನೆ...

ಏ! ನಕ್ಕೆ! ನಕ್ಕೆ ತಾನೇ? ತುಟಿ ಅಲ್ಲಾಡ್ತು, ನಾನು ನೋಡ್ದೆ. ನಗು ಕಣೇ, ನಗು. ಪಿಳ್ಳಪ್ಪ ಹೋದ್ಮೇಲೆ ಇಪ್ಪತ್ತೆರಡು ದಿನ ಆಯ್ತು, ಒಂದು ಮಾತಿಲ್ಲ, ಅಳೂನೂ ಇಲ್ಲ. ನಿಂಗೇ ಜ್ವರ ಬಂದು ಮಲಗಿದ್ಯಲ್ಲ, ಆಗ ಮೈ ಒರೆಸಿದೋಳು ಯಾರು? ಅಶ್ವತ್ಥಮ್ಮನಾ? ನಾನು. ಹೇಲು ಉಚ್ಚೆ ಬಳಿದೋಳು ಯಾರು? ನಾನು. ನನ್ನ ಗಂಡ ಬೈದ, ನಿಂಗೇನು ಹುಚ್ಚಾ, ಹೋಗಿ ಸಾಯ್ತೀಯಾ ಅಂತ. ಸತ್ರೆ ಸಾಯ್ತೀನಿ ಬಿಡು ಅಂದೆ... ಯಾಕೆ ಅಂತೀಯಾ? ಯಾಕೆ ಅಂದ್ರೆ? ಪಕ್ಕದ ಮನೆಯೋಳು ಕಣೇ ನೀನು! ಬೇರೆ ಯಾಕೆ?

ಸರಿ, ವಿಷ್ಯಕ್ಕೆ ಬರೋಣ. ಕಾಯಿಲೆ ನಿಂತು ಇಪ್ಪತ್ತು ದಿನ ಆಯ್ತು, ನಾಳೆ ಊರೊಳಕ್ಕೆ ಹೋಗಾದು. ಬೆಳಿಗ್ಗೆ ಮಾರಮ್ಮನಿಗೆ ತಂಪು ಮಾಡಿ, ಎಲ್ಲಾರೂ ಅವರವರ ಮನೆ ಸಾರಿಸ್ಕೊಂಡು ಒಲೆ ಹಚ್ಬೇಕು. ಆದ್ರೆ ಮೊದಲ್ನೇ ಇಲಿ ಸತ್ತು ಬಿದ್ದ ಮನೆ, ಅಂದ್ರೆ ನಿನ್ನ ಮನೆ, ಇದ್ದಂಗೇ ಇರಬಾರ್ದಂತೆ. ಹಿಂದ್ಲಿಂದ ಬಂದ ಕಟ್ಲೆ. ಹುಲ್ಲು ಸೂರಿಗೆ ಬೆಂಕಿ ಇಕ್ಕಿ, ಗೋಡೆ ಕೆಡವಿ, ಮಣ್ಣನ್ನ ಊರಗಡಿ ಆಚೆ ಸುರೀಬೇಕಂತೆ. ಗಂಡ ಇಲ್ಲ, ಮಕ್ಕಳಿಲ್ಲ, ಒಬ್ಬಂಟಿ ಹೆಂಗಸು ನೀನು. ನಾಳೆ ಹೊಸಕೋಟೆಗೆ ಹೋಗಿ ಅಮಲ್ದಾರ್ರ ಮುಂದೆ ಅತ್ತುಬಿಟ್ರೆ? ಅದಕ್ಕೇ ನಿನ್ನ ಬಾಯಿಂದ ಹೂಂ ಅನ್ನಿಸ್ಕೊಂಡು ಬಾ ಅಂದವ್ರೆ. ನೋಡು ಅವರ ಜೋರು! ಯುದ್ಧಕ್ಕೆ ಹೋಯ್ತು ಅಂತ ಸೀಮೇಎಣ್ಣೆ ಇಲ್ದೆ ಆರು ತಿಂಗ್ಳಿಂದ ಬುಡ್ಡಿ ಹಚ್ಚಿಲ್ಲ ಯಾರೂ. ಪಿಳ್ಳಪ್ಪ ನರಳ್ತಾ ಬಿದ್ದಿದ್ದಾಗ ಒಂದು ಬುಡ್ಡಿಗಾಗೋಷ್ಟು ಕೊಡ್ರಪ್ಪಾ ಅಂದ್ರೆ ಎಲ್ಲಾರ ಡಬ್ಬಾನೂ ಖಾಲಿ. ಇವತ್ತು ನಿನ್ನ ಮನೆಗೆ ಒಂದು ಸೀಸೆ ತುಂಬ ಸಿಕ್ಕಿದೆ! ಎಲ್ಲಿತ್ತೋ ತಾಯಿ...

ನಾನೇನು ಸುಮ್ನಿದ್ನಾ? ಪಂಚಾಯ್ತೀಲಿ ಹೇಳ್ಬಿಡಾಣ ಅಂತ ಬಾಯಿ ತನಕ ಬಂದಿತ್ತು... ಸುಮ್ನಿದ್ದೆ. ಹೂಂ ಕಣೇ, ಸುಮ್ನಿದ್ದೆ. ಹೆಂಗಸರ ಮಾತು ಯಾರು ಕೇಳ್ತಾರೆ? ಈಗ ಕೇಳು, ನಾನೆಲ್ಲಾ ಯೋಚ್ನೆ ಮಾಡಿದೀನಿ. ಉಗಾದಿ ಗಂಟ ನಮ್ಮ ಜಗಲೀಲಿ ಇರು. ಬೇಡ, ನಡುಮನೇಲೇ ಇರು. ನನ್ನ ಮಗಳು ಮುನಿಲಕ್ಷ್ಮಿ ಗಂಡನ ಮನೆಗೆ ಹೋದ್ಮೇಲೆ ಆ ಮೂಲೆ ಖಾಲೀನೇ ಐತೆ. ನೀನೇ ಎತ್ತಿ ಆಡಿಸಿದ ಮಗು ಮಲಗ್ತಿದ್ದ ಜಾಗ. ಆಮೇಲೆ ನನ್ನ ಗಂಡನ್ನ ಹಿಡಿದು ನಿಂಗೆ ಹೊಸಾ ಗೋಡೆ ಎಬ್ಬಿಸಿಕೊಡ್ತೀನಿ, ಹೆಂಚೇ ಹೊದಿಸ್ತೀನಿ ಬೇಕಾದ್ರೆ!

ಯಾಕೆ ತಲೆ ಅಲ್ಲಾಡಿಸ್ತೀಯಾ? ಪಿಳ್ಳಪ್ಪ ಕಟ್ಟಿದ ಮನೆ ಅಂತಾನಾ? ಗೊತ್ತು. ಮಣ್ಣು ತುಳಿದಿದ್ದು ನೀವಿಬ್ರೇ, ನಾನೂ ನೋಡಿದೀನಿ. ಆದ್ರೇನು ಮಾಡಾದು? ಇಲಿ ಏನು ಬಾಗಿಲು ನೋಡ್ಕೊಂಡು ಬೀಳ್ತದಾ? ನಮ್ಮ ಅಟ್ಟದಲ್ಲೂ ಬೀಳ್ಬೌದಿತ್ತು, ಪಟೇಲ್ರ ಕಣಜದಲ್ಲೂ ಬೀಳ್ಬೌದಿತ್ತು. ನಿನ್ನ ಹಣೇಬರ, ನಿಮ್ಮ ಹುಲ್ಲಿನ ಮೆದೆ ಮೇಲೆ ಬಿತ್ತು. ಇಷ್ಟುದ್ದ ಕರೀ ಇಲಿ, ಬಾಲ ಬೇರೆ ಅರ್ಧ ಮೊಂಡು, ಅಪಶಕುನದಂಗೆ...

ಏನೇ? ಯಾಕೆ ಹಂಗೆ ತಲೆ ಎತ್ತಿದೆ? ಬಾಲ ಮೊಂಡು ಅಂದೆ. ಪಿಳ್ಳಪ್ಪ ಹೇಳಿದ್ದ. ಹೂಂ, ಪಿಳ್ಳಪ್ಪಾನೇ... ಇಲ್ಲ? ಅದೂ ನಿಜ, ಅವ್ನು ನೋಡಿದ ತಕ್ಷಣ ಬಾಲ ಹಿಡಿದು ಎತ್ತಿ, ಹುಲ್ಲಿನ ಸಮೇತ ಸುಟ್ಟಾಕಿ, ಓಡೋಗಿ ಪಟೇಲ್ರಿಗೆ ಹೇಳ್ದ. ನನ್ನ ಹತ್ರ ಎಲ್ಲಿ ಮಾತಾಡ್ದ... ಹಂಗಾದ್ರೆ ನೀನೇ ಹೇಳಿರ್ಬೇಕು. ಜ್ವರದಲ್ಲಿ ಕನವರಿಸಿರ್ಬೇಕು.

ನೀನೂ ಹೇಳಿಲ್ಲ ಅಲ್ವಾ.

ಪಾಪಕ್ಕಾ, ಹಂಗೆ ನೋಡ್ಬ್ಯಾಡ ಕಣೇ. ಏನಾದ್ರೂ ಅನ್ನು. ಎದ್ದು ನನ್ನ ಜುಟ್ಟು ಹಿಡ್ಕೊ! ಮಂಗಳವಾರ ಮಧ್ಯಾಹ್ನ ಕಣೇ... ನಾನು ಊಟದೆಲೆ ತೆಗಿಯಾಣ ಅಂತ ಅಟ್ಟ ಹತ್ತಿದ್ನಾ, ಮೂಟೆ ಪಕ್ಕದಲ್ಲಿ ಬಿದ್ದಿತ್ತು. ಶುಕ್ರವಾರ ಮುನಿಲಕ್ಷ್ಮಿ ಮದುವೆ! ಚಪ್ಪರ ಹಾಕಾಗಿತ್ತು. ಇಲಿ ಬಿತ್ತು ಅಂದಿದ್ರೆ ಅವತ್ತೇ ತಮಟೆ ಸಾರಿ ಊರು ಖಾಲಿ ಮಾಡಿಸ್ತಿದ್ರು. ಆ ಸೂಲಿಬೆಲೆ ಬೀಗರು ಬರ್ತಿದ್ರಾ? ಇಲಿ ಬಿದ್ದ ಮನೆ ಹೆಣ್ಣು ಅಂತ ಇನ್ಯಾವನು ಮಾಡ್ಕೊಂತಿದ್ದ? ಮೂರು ದಿನ, ಮೂರೇ ದಿನ ತಳ್ಳಿಬಿಟ್ರೆ ಸಾಕು ಅಂದ್ಕೊಂಡೆ. ಇಕ್ಕಳದಲ್ಲಿ ಹಿಡಿದು ಗೋಡೆ ಆಚೆಗೆ ಎಸೆದ್ಬಿಟ್ಟೆ. ತಿಪ್ಪೆಗೆ ಬೀಳ್ಲಿ ಅಂತ ಎಸೆದೆ, ನಮ್ಮಮ್ಮನಾಣೆ! ಮೆದೆ ಮೇಲೆ ಬಿತ್ತು. ಯಾರೂ ನೋಡ್ಲಿಲ್ಲ ಅಂತ...

ಏನು ಕೈ ಮಾಡ್ತೀಯಾ? ಸೀರೆ? ಯಾವ ಸೀರೆ? ...ಹಿತ್ತಲಲ್ಲಿ ನಿನ್ನ ಸೀರೆ ಒಣಗ್ತಿತ್ತು, ಹೌದು. ಹಸಿರು ಸೀರೆ. ಅದಕ್ಕೇನೀಗ?

ಅದರ ಹಿಂದೆ ಇದ್ಯಾ?

ಅಯ್ಯೋ ಶಿವನೇ. ಇದ್ಯಾ? ನೋಡ್ದ್ಯಾ? ನೋಡೂ ಸುಮ್ನಿದ್ಯಾ? ಅದೇ ಸಾಯಂಕಾಲ ಬಂದು ನಮ್ಮನೇಲಿ ಒಬ್ಬಟ್ಟಿಗೆ ಬೇಳೆ ರುಬ್ಬಿಕೊಟ್ಯಲ್ಲೇ! ಮದುವೆ ದಿನ ಮುನಿಲಕ್ಷ್ಮಿಗೆ ಜಡೆ ಹೆಣೆದೋಳು ನೀನೇ ಅಲ್ವೇನೇ! ಒಂದು ಮಾತು ಬೈಲಿಲ್ಲ, ಮುಖ ಗಂಟು ಹಾಕ್ಕೊಳ್ಳಿಲ್ಲ... ಎತ್ತಿ ಹಾಕೋದಲ್ವಾ ಅದನ್ನ? ಸಿಗ್ಲಿಲ್ವಾ? ಹುಲ್ಲಿನೊಳಕ್ಕೆ ಜಾರಿಹೋಗಿತ್ತಾ? ಹುಡುಕಿದ್ಯಾ... ಹಂಗಾದ್ರೆ ಪಿಳ್ಳಪ್ಪನಿಗೆ ಒಂದು ಮಾತು, ಮೆದೆ ಹತ್ರ ಹೋಗ್ಬ್ಯಾಡ ಅಂತ ಒಂದೇ ಒಂದು ಮಾತು...

ಹೇಳ್ಲಿಲ್ಲ.

ಅಯ್ಯೋ ಪಾಪಕ್ಕಾ... ಗಂಡನ್ಗೂ ಹೇಳ್ಲಿಲ್ವಾ ನೀನು? ಹೇಳಿದ್ರೆ ಅವ್ನು ಒಂದು ಗಳಿಗೆ ನಿಲ್ತಿರ್ಲಿಲ್ಲ, ಸೀದಾ ಪಟೇಲ್ರ ಮನೆಗೆ ಓಡ್ತಿದ್ದ, ಮದುವೆ ನಿಂತೋಗ್ತಿತ್ತು ಅಂತ. ನನ್ನ ಮಗಳ ಮದುವೆ ನಿಂತೋಗ್ತದೆ ಅಂತ... ಮದುವೆ ಮುಗಿದು ಭಾನುವಾರ ಅವ್ನು ದನಕ್ಕೆ ಹುಲ್ಲು ಎಳೆಯೋಕೆ ಹೋದಾಗ ನೀನು ಮನೇಲಿರ್ಲಿಲ್ಲ. ನಮ್ಮನೇಲಿ ಪಾತ್ರೆ ತೊಳೀತಿದ್ದೆ. ನಾನೇ ಕರೆದಿದ್ದೆ. ಬಾರೇ ಪಾಪಕ್ಕಾ, ಮದುವೆ ಪಾತ್ರೆ ರಾಶಿ ಬಿದ್ದೈತೆ, ಒಬ್ಳ ಕೈಲಿ ಆಗಲ್ಲ ಅಂತ.

ಅದಕ್ಕೇ ನೀನು ಅಳಲ್ಲ. ನಾನು ಏನೇನೋ ಅಂದ್ಕೊಂಡಿದ್ದೆ...

ಇರ್ರಪ್ಪಾ! ಏನಂಗೆ ಕೂಗ್ತೀರಾ, ಬೆಂಕಿ ಆರೋಯ್ತದಾ? ಕೇಳ್ತಾ ಇದೀನಿ ಇರಿ!

ಏ... ಏ, ಏನು ಮಾಡ್ತಿದೀಯಾ? ಯಾಕೆ ಎದ್ದೆ? ಯಾಕೆ ಅವರ ಕಡೆ ತಿರುಗ್ತೀಯಾ? ಪಾಪಕ್ಕಾ, ಬ್ಯಾಡ! ಬ್ಯಾಡ ಕಣೇ, ಹೂಂ ಅನ್ಬ್ಯಾಡ! ತಲೆ ಆಡಿಸ್ಬ್ಯಾಡ ಅವರ ಕಡೆ! ನಾನು ಕೇಳಿದ್ದು ತಪ್ಪಾಯ್ತು. ಕೈ ಇಳಿಸು. ಇಳಿಸೇ! ನೀನು ಹೂಂ ಅಂದ್ಬಿಟ್ರೆ ನಾನು ಆ ಬೂದಿ ಪಕ್ಕದಲ್ಲಿ ಒಲೆ ಹಚ್ಚಿ ಹೆಂಗೆ ಉಣ್ಲಿ? ಮುನಿಲಕ್ಷ್ಮಿ ಮೊದಲ ಹಬ್ಬಕ್ಕೆ ಬಂದು ಪಾಪಕ್ಕನ ಮನೆ ಎಲ್ಲಮ್ಮಾ ಅಂದ್ರೆ... ಬಿಡಲ್ಲ, ಈ ಕೈ ಬಿಡಲ್ಲ ನಾನು. ನೋಡ್ಲಿ ಅವ್ರು, ನೋಡ್ಕೊಳ್ಳಿ.

ಏ ವೆಂಕಟರಾಮಪ್ಪಾ! ಪಾಪಕ್ಕ ಒಪ್ಪಲ್ಲಂತೆ! ಹೂಂ, ಒಪ್ಪಲ್ಲ! ಮನೆ ಮುಟ್ಟಬಾರ್ದಂತೆ!

ಯಾಕೆ ಅಂತ ಕೇಳ್ತಾವ್ರೆ ಕಣೇ. ಏನು ಹೇಳ್ಲಿ? ಸೂಲಿಬೆಲೆಯೋರ ಕಿವಿಗೆ ಬಿದ್ರೆ ಮಗಳನ್ನ ನಾಳೇನೇ ತಂದು ಬಾಗಿಲಲ್ಲಿ ಬಿಟ್ಟೋಗ್ತಾರೆ. ಐದು ಹೆಣ ಬಿದ್ದಾವೆ ಪಾಪಕ್ಕಾ, ಊರೋರು ನನ್ನ ಹುಗಿದ್ಬಿಡ್ತಾರೆ. ಏನಾದ್ರೂ ಒಂದು ಹೇಳ್ಕೊಡೇ. ನಂಗೆ ತೋಚ್ತಾ ಇಲ್ಲ, ನೀನು ಹೇಳ್ಕೊಟ್ಟಿದ್ದನ್ನೇ ಕೂಗ್ತೀನಿ. ಪಾಪಕ್ಕಾ...

ಹೇಳಲ್ಲ ನೀನು. ಅವತ್ತು ಹೇಳಿಲ್ಲ, ಇವತ್ತೂ ಹೇಳಲ್ಲ.

ವೆಂಕಟರಾಮಪ್ಪಾ! ಪಟೇಲ್ರನ್ನೂ ಕರ್ಕೊಂಡು ಇಲ್ಲಿಗೆ ಬಾರಪ್ಪ... ಏನೂ ಆಗಲ್ಲ, ಹತ್ರ ಬಾ. ಇದು ದೂರದಿಂದ ಕೂಗಿ ಹೇಳೋ ಮಾತಲ್ಲ.