ಗಾಳಿ ಹೊಕ್ಕ ಬಾಟಲಿ

ಬಸ್ಸಿಗೆ ಕಾಯುತ್ತಿದ್ದ ವೆಲ್ಡರನ ಕಿವಿ ‘ತುಕ್ಕು’ ಎಂಬ ಮಾತಿಗೆ ನೆಟ್ಟಗಾಯಿತು. ಅವನ ಮುಂದೆ ಪ್ರಯೋಗಾಲಯದ ಇಬ್ಬರು ಹೆಂಗಸರು ನಿಂತಿದ್ದರು. ಹಿರಿಯಳು ಕುದಿಯುತ್ತಿದ್ದಳು.

“ಸಮುದ್ರದ ತಳದ ಬಿಸಿಬುಗ್ಗೆಯಿಂದ ಆ ತುಕ್ಕು ತಂದೋಳು ನೀನು. ಅದನ್ನ ಮಾಡೋ ಜೀವಾಣುಗಳನ್ನ ಕಂಡೋಳೂ ನೀನು. ಪ್ರೊಫೆಸರ್ರು ಪ್ರಬಂಧದಲ್ಲಿ ನಿನ್ನ ಹೆಸರನ್ನೇ ನುಂಗಿ ನೀರು ಕುಡಿದ್ರಲ್ಲೇ.”

“ಕುಡೀಲಿ ಅಕ್ಕ. ಇವತ್ತು ಸಭೇಲಿ ತೋರಿಸೋಕೆ ನನ್ನ ಕಪಾಟಿಂದ ಬಾಟಲೀನೂ ಎತ್ಕೊಂಡು ಹೋದ್ರು.”

“ಯಾವ್ದು?”

“ಹಡಗಲ್ಲಿ ಮುಚ್ಚಳ ಸಡಿಲಾಗಿ ಗಾಳಿ ಹೊಕ್ಕಿತ್ತಲ್ಲ, ಅದು. ಅದ್ರಲ್ಲಿರೋದು ಗಾಳಿಗೆ ಹಿಡಿದ ಬರೀ ತುಕ್ಕು. ಜೀವಾಣು ಮಾಡಿದ್ದಾದ್ರೆ ಸೂಕ್ಷ್ಮದರ್ಶಕದಲ್ಲಿ ಹುರಿ ಹಾಕಿದ ದಾರದ ಹಾಗೆ ಕಾಣತ್ತೆ.”

“ಅವ್ರಿಗೆ ಗೊತ್ತಾಗ್ಲಿಲ್ವಾ?”

“ಅವ್ರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹತ್ತು ವರ್ಷ ಆಯ್ತು.”

“ನೀನು ಹೇಳ್ಲಿಲ್ವಾ?”

“ನನ್ನೆದುರಿಗೇ ಎತ್ಕೊಂಡ್ರು. ನಾನು ತುಟಿ ಪಿಟಕ್ ಅನ್ಲಿಲ್ಲ. ಇವತ್ತು ಮುಂದಿನ ಸಾಲಲ್ಲಿ ಕೂತು, ಎಲ್ಲರೆದುರು ಕೇಳ್ತೀನಿ, ಸರ್, ದಾರ ಎಲ್ಲಿದೆ ತೋರಿಸಿ ಅಂತ.”

“ಒಳ್ಳೇ ಬಾಟಲಿ ಎಲ್ಲಿದೆ?”

ಕಿರಿಯಳು ಎದೆಗವಚಿಕೊಂಡಿದ್ದ ಚೀಲವನ್ನು ಮೆಲ್ಲಗೆ ತಟ್ಟಿದಳು.

ಬಸ್ಸು ಬಂತು. ಜನ ನುಗ್ಗಿದರು. ಹಿರಿಯಳು ಎರಡೂ ಮೊಣಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತಳು.

“ದಾರಿ ಬಿಡ್ರಪ್ಪ, ಗಾಜಿನ ಸಾಮಾನಿದೆ. ನೀನು ಹತ್ತಮ್ಮ ಮೊದ್ಲು.”

ವೆಲ್ಡರ್ ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಹಿಂದಿದ್ದವರನ್ನೂ ತಡೆದು ನಿಲ್ಲಿಸಿದ.