ಅತ್ತಿಗೆಯ ಉಂಗುರದ ಬೆರಳು

ಮಾನ್ಯ ಅಧ್ಯಕ್ಷರೇ, ನನ್ನ ಸಹೋದ್ಯೋಗಿಗಳೇ, ಊಟದ ವಾಸನೆ ಬಂದರೂ ಕದಲದೆ ಕೂತಿರುವ ಸಹನಾಶೀಲ ಸಭಿಕರೇ,

ಮೂವತ್ತೆರಡು ವರ್ಷ ಈ ಆಸ್ಪತ್ರೆಯಲ್ಲಿ ಚರ್ಮದ ವೈದ್ಯನಾಗಿದ್ದೆ. ಈ ಕಣ್ಣಿಂದ ತಪ್ಪಿಸಿಕೊಂಡ ಗಂಟೇ ಇಲ್ಲ ಎಂದು ಅಧ್ಯಕ್ಷರು ಹೊಗಳಿದರು. ಬೀಳ್ಕೊಡುಗೆಯ ದಿನ ಯಾರು ತಾನೇ ಬೈಯುತ್ತಾರೆ?

ನನ್ನನ್ನು ಬೆಳೆಸಿದವರು ಅತ್ತಿಗೆ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಕಿಟಕಿಯ ಪಕ್ಕ ಅವರ ಹೊಲಿಗೆ ಯಂತ್ರ. ಅದರ ಬುಡದಲ್ಲಿ ಬಟ್ಟೆಯ ಚೂರುಗಳ ಮೇಲೆ ಕೂತು ನಾನು ಮಗ್ಗಿ ಹೇಳುತ್ತಿದ್ದೆ. ತಪ್ಪಿದರೆ ಯಂತ್ರ ನಿಲ್ಲುತ್ತಿತ್ತು, ಅಷ್ಟೇ. ಸರಿ ಹೇಳಿದರೆ ಮತ್ತೆ ಓಡುತ್ತಿತ್ತು. ನನಗೆ ಇಲ್ಲಿ ಕೆಲಸ ಸಿಕ್ಕಾಗ ಬಿಳಿ ಕೋಟು ಹೊಲಿದುಕೊಟ್ಟರು. ಜೇಬು ವಿಪರೀತ ದೊಡ್ಡದು. "ಡಾಕ್ಟ್ರಿಗೆ ತಿನ್ನೋಕೆ ಪುರುಸೊತ್ತು ಎಲ್ಲಿರುತ್ತೆ, ತಿಂಡಿ ಜೇಬಲ್ಲಿಟ್ಕೊ," ಎಂದಿದ್ದರು.

ಆ ವರ್ಷವೇ ಒಂದು ದಿನ ಬಲಗೈ ಚಾಚಿದರು. ಉಂಗುರದ ಬೆರಳಿನ ಬುಡದಲ್ಲಿ ಬಟಾಣಿಯಷ್ಟು ಗಂಟು. "ಸೂಜಿ ಚುಚ್ಚಿದ್ದಿರ್ಬೇಕು ಕಣೋ. ನೋವಿಲ್ಲ, ಆದ್ರೆ ಹೋಗ್ತಾನೂ ಇಲ್ಲ."

ನಾನು ಓದುತ್ತಿದ್ದ ಪತ್ರಿಕೆ ಮಡಚಲೂ ಇಲ್ಲ. "ನರಹುಲಿ ಅತ್ತಿಗೆ, ತಾನಾಗೇ ಉದುರುತ್ತೆ."

ಉದುರಲಿಲ್ಲ. ಎಂಟು ತಿಂಗಳಿಗೆ ಹುಣ್ಣಾಯಿತು. ನಾನೇ ಕತ್ತರಿಸಿ ತೆಗೆದು ಎಸೆಯಲು ಹೊರಟಿದ್ದೆ. ಇಲ್ಲಿ ಮುಂದೆ ಕೂತಿರುವ ನಮ್ಮ ಲ್ಯಾಬಿನ ಅಕ್ಕ ಟ್ರೇ ಕಸಿದುಕೊಂಡರು. "ಪರೀಕ್ಷೆ ಮಾಡ್ದೆ ಎಸೀಬೇಡಿ ಡಾಕ್ಟ್ರೇ."

ಅದು ಮೃದು ಅಂಗಾಂಶದ ಕ್ಯಾನ್ಸರ್. ಬಹಳ ಅಪರೂಪದ್ದು, ಚರ್ಮದ ಮೇಲೆ ಸಾಧುವಾದ ಗಂಟಿನಂತೆ ಬಂದು ಒಳಗೊಳಗೇ ಹಬ್ಬುವಂಥದ್ದು. ಎರಡು ಬೆರಳು, ಅರ್ಧ ಅಂಗೈ ಹೋಯಿತು.

ಹಾಸಿಗೆಯ ಪಕ್ಕ ನಿಂತು ಅಣ್ಣ ಕೇಳಿದ: "ಮನೇಲೇ ಡಾಕ್ಟ್ರಿದ್ದಾನೆ. ಮೊದ್ಲೇ ತೋರಿಸೋಕೆ ಏನಾಗಿತ್ತು ನಿಂಗೆ?"

ಅತ್ತಿಗೆ ನನ್ನತ್ತ ನೋಡಲಿಲ್ಲ. "ಹೊಲಿಗೆ ಕೆಲ್ಸ ತುಂಬಾ ಇತ್ತು ರೀ. ಉದಾಸೀನ ಮಾಡ್ಬಿಟ್ಟೆ."

ನಾನು ಬಾಗಿಲ ಬಳಿ ಇದ್ದೆ. ಬಾಯಿ ಬಿಡಲಿಲ್ಲ.

ಆಮೇಲೆ ಒಂಬತ್ತು ವರ್ಷ ಬದುಕಿದರು. ಎಡಗೈಯಲ್ಲಿ ಗುಂಡಿ ಹಚ್ಚುವುದನ್ನು ಕಲಿತರು, ನನ್ನ ಮಗಳಿಗೆ ಲಂಗ ಹೊಲಿದರು. ಕೊನೆಗೆ ಕಾಯಿಲೆ ಶ್ವಾಸಕೋಶಕ್ಕೆ ಇಳಿಯಿತು. ಒಮ್ಮೆಯೂ, ನಾವಿಬ್ಬರೇ ಇದ್ದಾಗಲೂ, ಆ ಮಾತು ಎತ್ತಲಿಲ್ಲ. "ಉದಾಸೀನ ಮಾಡಿ ಹೋದ್ಳು," ಎಂದು ಅಣ್ಣ ಇವತ್ತಿಗೂ ಹೇಳುತ್ತಾನೆ.

ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ನನ್ನ ಚೀಟಿಯಲ್ಲಿರುವುದು ಧನ್ಯವಾದ ಹೇಳಬೇಕಾದವರ ಪಟ್ಟಿ. ಆದರೆ ಅಣ್ಣ ಅಲ್ಲಿ ಮೂರನೇ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಾನೆ. ಅಣ್ಣಾ, ಅತ್ತಿಗೆ ಉದಾಸೀನ ಮಾಡಲಿಲ್ಲ. ಗಂಟು ಬಟಾಣಿಯಷ್ಟಿದ್ದಾಗಲೇ ತೋರಿಸಿದ್ದರು. ನನಗೇ ತೋರಿಸಿದ್ದರು.

ಸಭಿಕರೇ, ಪಟ್ಟಿಯಲ್ಲಿರುವ ಎಲ್ಲರಿಗೂ ಇಲ್ಲಿಂದಲೇ ಕೃತಜ್ಞತೆ. ನಾನೀಗ ಕೆಳಗಿಳಿದು ಮೂರನೇ ಸಾಲಿನಲ್ಲಿ ಕೂರುತ್ತೇನೆ, ಅಣ್ಣ ಜಾಗ ಕೊಟ್ಟರೆ. ನಮಸ್ಕಾರ.